ಲಾಂಛನದಲ್ಲಿ ಆನೆ ಎಲ್ಲಿ ಹೋಯ್ತು?

ಸಾರನಾಥದ ಅಶೋಕನ ಕಂಬದ ಮೇಲೆ ಆನೆ ಇದೆ, ರಾಷ್ಟ್ರ ಲಾಂಛನದಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಿ. ಯಾರೂ ತೆಗೆದುಹಾಕಿಲ್ಲ, ಹಿಂದುಗಡೆ ಇದೆ ಅಷ್ಟೇ. ನಾಲ್ಕನೇ ಸಿಂಹ ಕಾಣದಿರುವುದಕ್ಕೂ ಅದೇ ಕಾರಣ.

ಸಿಂಹಗಳ ಕೆಳಗಿನ ದುಂಡನೆ ಪಟ್ಟಿಯಲ್ಲಿ ಆನೆ, ಕುದುರೆ, ಗೂಳಿ, ಸಿಂಹ ಇವೆ, ನಡುನಡುವೆ ಒಂದೊಂದು ಚಕ್ರ. ನಿಮ್ಮ ಪಾಸ್‌ಪೋರ್ಟಿನ ರಟ್ಟು ನೋಡಿ. ಮಧ್ಯದಲ್ಲಿ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ. ಎರಡೂ ತುದಿಯಲ್ಲಿ ಸುಮ್ನೆ ಗೆರೆಯಂತೆ ಕಾಣುವುದು ಪಕ್ಕದ ಚಕ್ರಗಳ ಅಂಚು. ಆನೆ, ಸಿಂಹ ಆ ಬದಿಗೆ ಉಳಿದವು.

ಆನೆ ಅಂದರೆ ಬುದ್ಧನ ತಾಯಿ ಮಾಯಾದೇವಿ ಕನಸಿನಲ್ಲಿ ಕಂಡ ಆನೆ, ಕುದುರೆ ಅಂದರೆ ಸಿದ್ಧಾರ್ಥ ಮನೆ ಬಿಟ್ಟು ಹೊರಟ ಕಂಥಕ ಅಂತ ಕೆಲವರು ಹೇಳುತ್ತಾರೆ. ನಾಲ್ಕು ದಿಕ್ಕು ಅನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಜಾಸ್ತಿ ಹಿಡಿಸುತ್ತದೆ. ಬುದ್ಧ ಮೊದಲ ಉಪದೇಶ ಮಾಡಿದ ಜಾಗ ಅಲ್ವಾ ಸಾರನಾಥ.

1950ರ ಜನವರಿ 26ರಂದು ಲಾಂಛನ ಒಪ್ಪಿಕೊಂಡಾಗ ನಿಜವಾಗಿ ಬಿಟ್ಟಿದ್ದು ಪಟ್ಟಿಯ ಕೆಳಗಿನ ಗಂಟೆಯಾಕಾರದ ಕಮಲವನ್ನು. ಆ ಜಾಗದಲ್ಲಿ ಮುಂಡಕೋಪನಿಷತ್ತಿನ ‘ಸತ್ಯಮೇವ ಜಯತೇ’ ಬಂತು. ಸಿಂಹಗಳ ತಲೆ ಮೇಲೂ ಒಂದು ದೊಡ್ಡ ಚಕ್ರ ಇತ್ತು. 1904-05ರ ಉತ್ಖನನದಲ್ಲಿ ಅದರ ಚೂರುಗಳಷ್ಟೇ ಸಿಕ್ಕವು.

ಕಾಶಿ ಕಡೆ ಹೋದರೆ ಸಾರನಾಥದ ಮ್ಯೂಸಿಯಂನಲ್ಲಿ ಮೂಲ ಶಿಲ್ಪವಿದೆ, ಆನೆ ಅಲ್ಲೇ ಸಿಗುತ್ತದೆ.