ಘಟ್ಟದ ಕಾಡು ಕೇಪಳ ಬೆಂಗಳೂರಿನ ತಾರಸಿಯಲ್ಲಿ ಏಕೆ ಹಳದಿಯಾಗುತ್ತದೆ, ಅದನ್ನು ಉಳಿಸಿಕೊಳ್ಳುವುದು ಹೇಗೆ?

ಶೃಂಗೇರಿಯ ಸಮೀಪದ ಅಜ್ಜಿಮನೆಯ ಹಿಂದಿನ ಗುಡ್ಡದಿಂದ ತಂದ, ಕೆಂಪು ಹೂಗೊಂಚಲಿನ ಪೊದೆಯಾದ ಕಾಡು ಕೇಪಳವು ಬೆಂಗಳೂರಿನ ತಾರಸಿಯ ಸಿಮೆಂಟ್ ಕುಂಡದಲ್ಲಿ ಒಂದೂವರೆ ವರ್ಷದಿಂದ ಬದುಕಿದೆ, ಆದರೆ ಒಂದು ಗೊಂಚಲು ಹೂವನ್ನೂ ಬಿಟ್ಟಿಲ್ಲ. ಚಿಗುರೆಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗವೆಲ್ಲ ಹಳದಿಯಾಗುತ್ತಿದೆ. ಹದಿನೈದು ದಿನಕ್ಕೊಮ್ಮೆ ಸಗಣಿ ಗೊಬ್ಬರ ಹಾಕಿದರೂ ಗುಣ ಕಾಣುತ್ತಿಲ್ಲ ಎಂದು ತಾವು ಬರೆದಿದ್ದೀರಿ. ಗುಡ್ಡದ ಕಲ್ಲಿನ ಸಂದಿಯಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಗಟ್ಟಿ ಗಿಡ ಇಷ್ಟು ಉಪಚಾರದ ನಡುವೆ ಏಕೆ ಸೊರಗುತ್ತದೆ ಎಂಬುದು ತಮ್ಮ ಪ್ರಶ್ನೆ. ಮಲೆನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿ, ಇದೇ ಗಿಡವನ್ನು ಇಲ್ಲಿ ಬೆಳೆಸಲು ಹೋಗಿ ಎರಡು ಸಲ ಸೋತು, ಆಮೇಲೆ ಉಳಿಸಿಕೊಂಡವನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ತಮ್ಮ ಗಿಡ ಹಸಿದಿಲ್ಲ. ಅದರ ಬೇರಿಗೆ ಬೇಕಾದ ಹುಳಿಮಣ್ಣು ಸಿಕ್ಕಿಲ್ಲ, ಅಷ್ಟೇ. ಕೇಪಳ ಪಶ್ಚಿಮ ಘಟ್ಟಕ್ಕೂ ಅದರ ಕೆಳಗಿನ ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಗಳಿಗೂ ಸೇರಿದ ಪೊದೆ. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಸುರಿಯುತ್ತ ಬಂದ ಮಳೆಯು ಮಣ್ಣಿನಲ್ಲಿದ್ದ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿ ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ಉಳಿಸಿದೆ. ಮಣ್ಣು ಕೆಂಪಾಗಿರುವುದಕ್ಕೂ ಹುಳಿಯಾಗಿರುವುದಕ್ಕೂ ಅದೇ ಕಾರಣ. ಅಂಥ ಮಣ್ಣಿನಲ್ಲಿ ಕಬ್ಬಿಣವು ಬೇರು ಹೀರಿಕೊಳ್ಳಬಲ್ಲ ರೂಪದಲ್ಲಿ ಸಿಗುತ್ತದೆ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು), 5ರಿಂದ 6ರ ನಡುವೆ ಇದ್ದರೆ ಕೇಪಳ ಸುಖವಾಗಿರುತ್ತದೆ. 7ನ್ನು ದಾಟಿದರೆ ಮಣ್ಣಿನಲ್ಲಿ ಎಷ್ಟೇ ಕಬ್ಬಿಣವಿದ್ದರೂ ಅದು ಕರಗದ ರೂಪಕ್ಕೆ ತಿರುಗಿ ಗಿಡಕ್ಕೆ ದಕ್ಕದೆ ಹೋಗುತ್ತದೆ. ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತು ತಯಾರಾಗಲು ಕಬ್ಬಿಣ ಬೇಕು, ಮತ್ತು ಹಳೆಯ ಎಲೆಯಲ್ಲಿರುವ ಕಬ್ಬಿಣವನ್ನು ಗಿಡವು ಹೊಸ ಎಲೆಗೆ ಸಾಗಿಸಲಾರದು. ಆದ್ದರಿಂದಲೇ ತಾವು ಹೇಳಿದಂತೆ ಹಳದಿ ಮೊದಲು ಚಿಗುರಿನಲ್ಲಿ ಕಾಣಿಸಿಕೊಂಡಿದೆ.

ಈ ತೊಂದರೆ ಬೆಂಗಳೂರಿನಲ್ಲಿ ಎಲ್ಲಿಂದ ಬಂತು ಎಂದು ನೋಡಿದರೆ, ತಮ್ಮ ಬರಹದಲ್ಲಿಯೇ ಮೂರು ದಾರಿಗಳು ಕಾಣುತ್ತವೆ. ದಿನವೂ ಹಾಕುವ ಕೊಳವೆಬಾವಿಯ ನೀರು ಮುಖ್ಯವಾದದ್ದು. ಬಕೆಟಿನ ಒಳಬದಿಯಲ್ಲಿಯೂ ಗೀಸರಿನ ಸುರುಳಿಯ ಮೇಲೂ ಬಿಳಿ ಪದರ ಕಟ್ಟಿಸುವ ಗಡಸು ನೀರು ಕುಂಡದ ಮಣ್ಣಿನಲ್ಲಿಯೂ ಅದನ್ನೇ ಕಟ್ಟಿಸುತ್ತದೆ, ಮತ್ತು ಒಂದೂವರೆ ವರ್ಷದಲ್ಲಿ ಒಳ್ಳೆಯ ಕೆಮ್ಮಣ್ಣನ್ನೂ ಕ್ಷಾರದ ಕಡೆಗೆ ಎಳೆದುಬಿಡುತ್ತದೆ. ಎರಡನೆಯದು ಸಿಮೆಂಟ್ ಕುಂಡ. ಸಿಮೆಂಟಿನಿಂದ ಸುಣ್ಣದ ಅಂಶ ನಿಧಾನವಾಗಿ ಬಿಡುಗಡೆಯಾಗುತ್ತಲೇ ಇರುತ್ತದೆ. ಕಾಂಪೌಂಡ್ ಗೋಡೆಗೆ ತಾಗಿಸಿ ನೆಟ್ಟ ಕೇಪಳದ ಸಾಲು ಗೋಡೆಯ ಕಡೆಯಲ್ಲಿ ಮಾತ್ರ ಹಳದಿಯಾಗಿರುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಮೂರನೆಯದು ಪದೇಪದೇ ಹಾಕಿದ ಸಗಣಿ ಗೊಬ್ಬರ. ಚೆನ್ನಾಗಿ ಮಾಗಿದ ಸಗಣಿ ಗೊಬ್ಬರ ವರ್ಷಕ್ಕೆ ಎರಡು ಹಿಡಿ ಬಿದ್ದರೆ ಕೆಡುಕಿಲ್ಲ, ಆದರೆ ಅದು ಹುಳಿಯ ಗುಣವುಳ್ಳದ್ದಲ್ಲ. ಹದಿನೈದು ದಿನಕ್ಕೊಮ್ಮೆ ಹಾಕಿದಾಗ ಅದರಲ್ಲಿರುವ ಲವಣಗಳು ಕುಂಡದಲ್ಲಿ ಸೇರಿಕೊಂಡು ಬೇರಿಗೆ ಹೊರೆಯಾಗುತ್ತವೆ.

ನನ್ನ ಮೊದಲ ಗಿಡವನ್ನು ನಾನೇ ಕೈಯಾರೆ ಕೊಂದೆ ಎಂದು ಹೇಳಬೇಕು. ಎಲೆ ಹಳದಿಯಾದಾಗ ಪರಿಚಿತರೊಬ್ಬರ ಮಾತು ಕೇಳಿ ಒಲೆಯ ಬೂದಿಯನ್ನೂ ಪುಡಿ ಮಾಡಿದ ಮೊಟ್ಟೆಯ ಚಿಪ್ಪನ್ನೂ ಬುಡಕ್ಕೆ ಹಾಕಿದೆ. ಬೂದಿ ಕ್ಷಾರ, ಚಿಪ್ಪು ಸುಣ್ಣ. ಎರಡೂ ಸೇರಿ ರೋಗವನ್ನು ಹೆಚ್ಚಿಸಿದವು, ಮೂರು ತಿಂಗಳಲ್ಲಿ ಚಿಗುರು ಬಿಳಿಚಿಕೊಂಡು ಅಂಚಿನಿಂದ ಸುಟ್ಟಂತಾಗಿ ಉದುರಿತು. ಟೊಮೇಟೊಗೋ ಬದನೆಗೋ ಹಿತವಾದ ಉಪಚಾರ ಕೇಪಳಕ್ಕೆ ವಿಷವಾಗಬಲ್ಲದು ಎಂಬುದನ್ನು ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಕೇಪಳವು ಕಾಫಿಯ ಕುಟುಂಬಕ್ಕೆ ಸೇರಿದ್ದಾದ್ದರಿಂದ, ಕಾಫಿ ತೋಟದ ಹಿನ್ನೆಲೆಯವರು ತೋಟಕ್ಕೆ ಹಾಕುವಂತೆ ಇದಕ್ಕೂ ಸುಣ್ಣ ಹಾಕುವುದುಂಟು. ಕಾಫಿ ತೋಟದಲ್ಲಿ ಅತಿ ಹುಳಿಯನ್ನು ತಗ್ಗಿಸಲು ಹಾಕುವ ಸುಣ್ಣಕ್ಕೆ ಅರ್ಥವಿದೆ, ಕುಂಡದ ಕೇಪಳಕ್ಕೆ ಹಾಕುವುದಕ್ಕೆ ಏನೂ ಅರ್ಥವಿಲ್ಲ.

ಈಗ ಮಾಡಬೇಕಾದ ಕೆಲಸ ಮಣ್ಣು ಬದಲಿಸುವುದು. ಮುಂಗಾರು ಹಿಡಿದ ಮೇಲೆ, ಮೋಡ ಕವಿದ ಒಂದು ಸಂಜೆ, ಗಿಡವನ್ನು ಹೆಂಟೆಯ ಸಮೇತ ಹೊರತೆಗೆದು, ಹೊರಗಿನ ಒಂದೆರಡು ಇಂಚು ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಹದಿನಾಲ್ಕರಿಂದ ಹದಿನಾರು ಇಂಚಿನ ಮಣ್ಣಿನ ಅಥವಾ ಪ್ಲಾಸ್ಟಿಕ್ ಕುಂಡಕ್ಕೆ ವರ್ಗಾಯಿಸಿರಿ. ತುಂಬಲು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಳೆತ ತರಗೆಲೆಯ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಅರ್ಧ ಪಾಲು ದಪ್ಪ ಮರಳು ಸಾಕು. ನಾರಿನ ಪುಡಿಯನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ಉಪ್ಪನ್ನು ತೆಗೆಯುವುದನ್ನು ಮರೆಯಬಾರದು. ಊರಿಗೆ ಹೋದಾಗ ಮನೆಯ ಹಿತ್ತಲಿನ ಮುರಕಲ್ಲಿನ ಪುಡಿಮಣ್ಣು ಅರ್ಧ ಚೀಲ ತರಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಕಟ್ಟಡ ಕೆಡವಿದ ಜಾಗದಿಂದ ತಂದ ಮಣ್ಣನ್ನು ಮಾತ್ರ ಬಳಸಬೇಡಿ. ನೋಡಲು ಕೆಂಪಾಗಿದ್ದರೂ ಅದರಲ್ಲಿ ಗಾರೆಯ ಚೂರುಗಳಿರುತ್ತವೆ.

ನೀರಿನ ವಿಷಯವೇ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಎಷ್ಟು ಒಳ್ಳೆಯ ಮಣ್ಣು ತುಂಬಿದರೂ ಗಡಸು ನೀರು ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ. ಮಳೆನೀರು ಅತ್ಯುತ್ತಮ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತಗಡಿನ ಮಾಡಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 180 ಲೀಟರ್ ನೀರು ಇಳಿಯುತ್ತದೆ, ಅಂದರೆ ಒಂದು ಒಳ್ಳೆಯ ಮಳೆಗೆ ಒಂದು ಡ್ರಮ್ ತುಂಬುತ್ತದೆ. ಒಂದೆರಡು ಕೇಪಳಕ್ಕೆ ಅಷ್ಟು ನೀರು ತಿಂಗಳಿಗೂ ಮೀರಿ ಬರುತ್ತದೆ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿದರೆ ಸೊಳ್ಳೆಯ ಕಾಟವಿಲ್ಲ. ಮಳೆನೀರು ಮುಗಿದಾಗ ಕಾವೇರಿ ನೀರನ್ನು ಬಳಸಬಹುದು. ಕೊಳವೆಬಾವಿಯ ನೀರಲ್ಲದೆ ಬೇರೆ ಗತಿಯಿಲ್ಲದಿದ್ದರೆ, ಹತ್ತು ಲೀಟರ್ ನೀರಿಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲವನ್ನು) ಎರಡು ಗ್ರಾಂ ಕರಗಿಸಿ ಹಾಕಿರಿ. ನೀರಿನ ಕ್ಷಾರ ಅಷ್ಟರಮಟ್ಟಿಗೆ ಮುರಿಯುತ್ತದೆ. ಬಾಗಿಲ ಬಳಿಯ ಎರಡು ಕುಂಡಗಳಿಗೆ ನಾನು ಬೇಸಿಗೆಯಲ್ಲಿ ಹಾಗೆಯೇ ಮಾಡುತ್ತ ಬಂದಿದ್ದೇನೆ.

ಹೊಸ ಮಣ್ಣಿನಲ್ಲಿ ಬೇರು ಊರುವವರೆಗೆ ಎಲೆಗೆ ಕಬ್ಬಿಣವನ್ನು ನೇರವಾಗಿ ಕೊಡಬಹುದು. ನಮ್ಮ ಹಿರಿಯರು ಅನ್ನಭೇದಿ ಎಂದು ಕರೆಯುತ್ತಿದ್ದ ಫೆರಸ್ ಸಲ್ಫೇಟನ್ನು ಲೀಟರಿಗೆ ಮೂರು ಗ್ರಾಮಿನಂತೆ, ಒಂದು ಚಿಟಿಕೆ ನಿಂಬೆ ಉಪ್ಪಿನೊಡನೆ ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿಗೆ ಸಿಂಪಡಿಸಿ, ಹದಿನೈದು ದಿನದ ಅಂತರದಲ್ಲಿ ಮೂರು ಸಲ ಮಾಡಿದರೆ ಹೊಸ ಚಿಗುರು ಹಸಿರಾಗಿ ಬರುವುದು ಕಾಣುತ್ತದೆ. ಇದರ ಹನಿ ಬಿದ್ದ ನೆಲಹಾಸಿನ ಮೇಲೆ ತುಕ್ಕಿನ ಕಲೆ ಉಳಿಯುವುದರಿಂದ ಗಿಡದ ಕೆಳಗೆ ಹಳೆಯ ಚೀಲ ಹಾಸಬೇಕು. ಅನ್ನಭೇದಿಯನ್ನು ಕ್ಷಾರದ ಮಣ್ಣಿಗೆ ಸುರಿಯುವುದರಿಂದ ಹೆಚ್ಚು ಲಾಭವಿಲ್ಲ, ಅಲ್ಲಿ ಅದು ಬೇಗನೆ ತುಕ್ಕಾಗಿ ಕರಗದೆ ಕುಳಿತುಬಿಡುತ್ತದೆ. ಮಣ್ಣಿಗೇ ಕೊಡಬೇಕೆಂದಿದ್ದರೆ ಗೊಬ್ಬರದ ಅಂಗಡಿಯಲ್ಲಿ ಚೀಲೇಟೆಡ್ ಕಬ್ಬಿಣವನ್ನು, ಅಂದರೆ ಬೇರಿಗೆ ದಕ್ಕುವಂತೆ ಕರಗಿದ ರೂಪದಲ್ಲಿ ಹಿಡಿದಿಟ್ಟ ಕಬ್ಬಿಣವನ್ನು, ಕೇಳುವಾಗ ಅದರ ಮೇಲೆ ಇಡಿಡಿಎಚ್ಎ ಎಂದು ಬರೆದಿದೆಯೇ ನೋಡಿರಿ. ಕಡಿಮೆ ಬೆಲೆಗೆ ಸಿಗುವ ಇಡಿಟಿಎ ರೂಪವು ಹುಳಿಮಣ್ಣಿನಲ್ಲಿ ಕೆಲಸ ಮಾಡುತ್ತದೆಯೇ ಹೊರತು ಕ್ಷಾರದಲ್ಲಿ ನಿಲ್ಲುವುದಿಲ್ಲ. ಈಗಾಗಲೇ ಹಳದಿಯಾಗಿರುವ ಎಲೆಗಳೆಲ್ಲ ಪೂರ್ತಿ ಹಸಿರಿಗೆ ಮರಳುತ್ತವೆಂದು ಕಾಯಬೇಡಿ, ಮುಂದೆ ಬರುವ ಚಿಗುರನ್ನು ಗಮನಿಸಿರಿ.

ಹೂವಿನ ಬಗ್ಗೆ. ಕೇಪಳದ ಗೊಂಚಲು ರೆಂಬೆಯ ತುದಿಯಲ್ಲಿ ಬರುತ್ತದೆ. ಆದ್ದರಿಂದ ಗಿಡ ಗುಂಡಗೆ ಕಾಣಲೆಂದು ತಿಂಗಳಿಗೊಮ್ಮೆ ಕತ್ತರಿಯಾಡಿಸಿದರೆ ಮೊಗ್ಗಾಗಬೇಕಾದ ತುದಿಗಳನ್ನೇ ಕತ್ತರಿಸಿದಂತಾಗುತ್ತದೆ. ಒಂದು ಸುತ್ತು ಹೂ ಮುಗಿದ ಮೇಲೆ ಬಾಡಿದ ಗೊಂಚಲಿನ ಕೆಳಗಿನ ಒಂದು ಗೆಣ್ಣಿನ ಮೇಲೆ ಕತ್ತರಿಸಿದರೆ ಅಲ್ಲಿಂದ ಎರಡು ಕವಲು ಒಡೆದು ಎರಡು ಗೊಂಚಲಾಗುತ್ತವೆ. ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕೇಬೇಕು. ನೆರಳಿನಲ್ಲಿ ಎಲೆ ಚೆನ್ನಾಗಿ ಬಂದರೂ ಹೂ ಬರುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ನಿಂತಂತಾಗಿ ಎಲೆಗೆ ತಾಮ್ರದ ಬಣ್ಣ ಬಂದರೆ ಹೆದರಿ ಗೊಬ್ಬರ ಹಾಕಬೇಡಿ. ಮಳೆ, ಗಾಳಿ, ಬಿಸಿಲುಗಳನ್ನೆಲ್ಲ ತಾಳುವ ಗಿಡವಾದರೂ ಚಳಿಯ ವಿಷಯದಲ್ಲಿ ಕೇಪಳ ಗಟ್ಟಿಯಲ್ಲ.

ನರ್ಸರಿಗಳಲ್ಲಿ ಇಕ್ಸೋರಾ ಎಂಬ ಹೆಸರಿನಲ್ಲಿ ಸಿಗುವ ಹಳದಿ, ಗುಲಾಬಿ, ಬಿಳಿಯ ಗಿಡ್ಡ ಗಿಡಗಳು ನಮ್ಮ ಗುಡ್ಡದ ಕೇಪಳವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ತುಳುವಿನಲ್ಲಿ ಕೇಪುಳ, ಕೆಲವೆಡೆ ಕಿಸ್ಗಾರ, ಮಲೆಯಾಳದಲ್ಲಿ ಚೆತ್ತಿ ಎಂದು ಕರೆಸಿಕೊಳ್ಳುವ ಗುಡ್ಡದ ಕೇಪಳಕ್ಕೆ 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಇಕ್ಸೋರಾ ಕಾಕ್ಸಿನಿಯಾ. ಕಾಡಿನದರಲ್ಲಿ ತೊಟ್ಟಿಲ್ಲದಂತೆ ಕಾಂಡಕ್ಕೆ ಅಂಟಿಕೊಂಡ ಎಲೆಗಳೂ, ಚೂಪು ತುದಿಯ ನಾಲ್ಕು ಎಸಳಿನ ಕೆಂಪು ಹೂಗಳೂ, ತೆಳುವಾದ ಉದ್ದ ಕೊಳವೆಯೂ ಇರುತ್ತವೆ. ಬಾಲ್ಯದಲ್ಲಿ ಆ ಕೊಳವೆಯ ಬುಡದ ಜೇನನ್ನು ಹೀರದವರು ನಮ್ಮ ಕಡೆ ಇರಲಾರರು. ಆ ಜೇನನ್ನು ತಲುಪಲು ಉದ್ದ ನಾಲಗೆಯ ದೊಡ್ಡ ಚಿಟ್ಟೆಗಳಿಗೆ ಸುಲಭ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೇಪಳದ ಪೊದೆಯ ಮೇಲೆ ರೆಕ್ಕೆ ಬಡಿಯುತ್ತಲೇ ಜೇನು ಹೀರುವುದನ್ನು ಘಟ್ಟದ ಊರುಗಳಲ್ಲಿ ಕಾಣಬಹುದು. ಹಣ್ಣಾದಾಗ ಪಿಕಳಾರಗಳು ಬರುತ್ತವೆ. ಅಜ್ಜಿಮನೆಯ ಕೇಪಳವನ್ನೇ ಬೆಳೆಸಬೇಕೆಂಬ ತಮ್ಮ ಹಟ ನನಗೆ ಬಹಳ ಇಷ್ಟವಾದದ್ದು ಇದಕ್ಕಾಗಿಯೇ.

ಆದರೆ ಇನ್ನೊಂದು ಗಿಡ ಬೇಕಾದಾಗ ಗುಡ್ಡದಿಂದ ಕೀಳಬೇಡಿರೆಂದು ಕೇಳಿಕೊಳ್ಳುತ್ತೇನೆ. ಕಾಡು ಕೇಪಳದ ಬೇರು ಕಲ್ಲಿನ ಬಿರುಕಿನಲ್ಲಿ ಬಹಳ ಆಳಕ್ಕೆ ಇಳಿದಿರುತ್ತದೆ, ಕಿತ್ತಾಗ ನಮ್ಮ ಕೈಗೆ ಬರುವುದು ಅದರ ಸಣ್ಣ ಭಾಗ ಮಾತ್ರ, ಮತ್ತು ಹಾಗೆ ತಂದವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ನನ್ನ ಎರಡನೆಯ ಗಿಡ ಹೋದದ್ದೂ ಹಾಗೆಯೇ. ಮೀಸಲು ಅರಣ್ಯದಿಂದ ಕೀಳುವುದಂತೂ ಕಾನೂನಿಗೂ ವಿರುದ್ಧ. ಅದರ ಬದಲು ಜೂನ್, ಜುಲೈಯಲ್ಲಿ ಹಿತ್ತಲಿನ ಪೊದೆಯಿಂದ, ಹೂವಿಲ್ಲದ, ಪೂರ್ತಿ ಎಳೆಯದೂ ಅಲ್ಲದ ಪೂರ್ತಿ ಬಲಿತದ್ದೂ ಅಲ್ಲದ ರೆಂಬೆಯ ನಾಲ್ಕೈದು ಇಂಚಿನ ತುಂಡುಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ತುದಿಯ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿ, ಮರಳು ಮತ್ತು ನಾರಿನ ಪುಡಿಯ ಮಿಶ್ರಣದಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಿ. ಆರರಿಂದ ಎಂಟು ವಾರದಲ್ಲಿ ಬೇರು ಬರುತ್ತದೆ. ಹತ್ತು ಊರಿದರೆ ನನಗೆ ನಾಲ್ಕೈದು ಉಳಿಯುತ್ತವೆ. ದಪ್ಪ ರೆಂಬೆಗೆ ಗೂಟಿ ಕಟ್ಟುವುದು (ಸಿಪ್ಪೆ ಸುಲಿದ ಜಾಗಕ್ಕೆ ಒದ್ದೆ ಪಾಚಿ ಸುತ್ತಿ, ರೆಂಬೆ ಗಿಡದಲ್ಲಿರುವಾಗಲೇ ಬೇರು ಬರಿಸುವುದು) ಇನ್ನೂ ಭರವಸೆಯ ಮಾರ್ಗ, ಆದರೆ ಎರಡು ಮೂರು ತಿಂಗಳು ಅದನ್ನು ನೋಡಿಕೊಳ್ಳುವವರು ಊರಿನಲ್ಲಿರಬೇಕು.

ಕೀಟಗಳ ಕಾಟ ಹೆಚ್ಚಿಲ್ಲ. ರೆಂಬೆಯ ಮೇಲೆ ಇರುವೆಗಳ ಸಾಲು ಕಂಡರೆ ಎಲೆಯ ಅಡಿಯಲ್ಲಿ ಹಿಟ್ಟುತಿಗಣೆ ಇದೆಯೇ ನೋಡಿ, ಲೀಟರಿಗೆ ಐದು ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸಿದರೆ ಸಾಕು. ತಿಗಣೆ ಹೋದರೆ ಎಲೆಯ ಮೇಲಿನ ಕಪ್ಪು ಬೂಷ್ಟೂ ಹೋಗುತ್ತದೆ.

ತಾವು ಹಾಕಿದ ಚಿತ್ರದಲ್ಲಿ ಮೇಲಿನ ಚಿಗುರು ಮಾತ್ರ ಕಾಣುತ್ತಿದೆ. ಬುಡದ ಹಳೆಯ ಎಲೆಗಳ ಮೇಲೆ ನೇರಳೆ ಅಥವಾ ಕಂದು ಬಣ್ಣದ ಚುಕ್ಕೆಗಳಿವೆಯೇ ಎಂದು ನೋಡಿ ದಯವಿಟ್ಟು ತಿಳಿಸಿರಿ. ಇದ್ದರೆ ಕಬ್ಬಿಣದ ಜೊತೆಗೆ ಪೊಟ್ಯಾಶಿನ ಕೊರತೆಯೂ ಇರುವ ಸಂಭವವಿದೆ, ಮತ್ತು ಮಣ್ಣು ಬದಲಿಸಿದ ಒಂದು ತಿಂಗಳ ಬಳಿಕ ಸಲ್ಫೇಟ್ ಆಫ್ ಪೊಟ್ಯಾಶ್ ಎಷ್ಟು ಕೊಡಬೇಕೆಂಬುದನ್ನು ಕುಂಡದ ಅಳತೆ ನೋಡಿ ಬರೆಯುತ್ತೇನೆ.