ತೇಲುವ ಸಂತೆಗೆ ಬೆಳಗಿನ ಜಾವವೇ ಹೋಗಿ

ಪ್ರಶ್ನೆ: ಅಕ್ಕಾ, ವಿಯೆಟ್ನಾಂನ ಮೆಕಾಂಗ್ ನದಿಯ ಹಳ್ಳಿಗಳನ್ನು ದೋಣಿಯಲ್ಲಿ ಸುತ್ತಿದ್ದಾಗಿ ಹೋದ ಸಂಚಿಕೆಯಲ್ಲಿ ಬರೆದಿದ್ರಿ. ನಾನೂ ನನ್ನ ತಮ್ಮನೂ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೋಗಬೇಕು ಅಂತಿದ್ದೇವೆ. ತೇಲುವ ಸಂತೆ ಅನ್ನೋದು ಈಗ ಬರೀ ಟೂರಿಸ್ಟರಿಗಾಗಿ ನಡೆಸೋದು ಅಂತ ಕೆಲವರು ಹೇಳ್ತಾರೆ. ನಿಜವಾ? ನಾವು ಮೀನು, ಮಾಂಸ ಮುಟ್ಟಲ್ಲ. ಅಮ್ಮನಿಗೆ ನೀರಿನ ಭಯ ಬೇರೆ.
– ಓದುಗರು, ಹರಿಹರ

ಉತ್ತರ: ಹೋಗಿ ತಂಗೀ. ಟೂರಿಸ್ಟರಿಗಾಗಿ ನಡೆಸೋದು ಅನ್ನೋ ಮಾತು ನಂಬಬೇಡಿ. ಆದರೆ ಸಂತೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಅದಕ್ಕೇ ಬೇಗ ಹೋಗಿ ಅನ್ನುತ್ತೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹೋ ಚಿ ಮಿನ್ ಸಿಟಿಯಲ್ಲಿ ನಾನು ಇಳಿದುಕೊಂಡಿದ್ದ ಕಡೆಯೇ ಒಬ್ಬರು ಒಂದು ದಿನದ ಟೂರ್ ಮಾಡಿಕೊಟ್ಟರು. ಬಸ್ಸಿನಲ್ಲಿ ಕರೆದೊಯ್ದು ಸಂತೆ ತೋರಿಸಿ, ಸಂಜೆಗೆ ವಾಪಸ್. ನಾವು ನೀರಿಗಿಳಿಯುವಾಗ ಹನ್ನೊಂದು ಗಂಟೆ. ನಾಲ್ಕೈದು ದೋಣಿ ಬಿಟ್ಟರೆ ಬರೀ ಬಿಸಿಲು. ಆ ದಿನ ನನಗೆ ಅಳುವೇ ಬಂತು. ಬ್ಯಾಗ್ ತಗೊಂಡು ಅಲ್ಲೇ, ಕಾನ್ ಥೊ ಊರಲ್ಲೇ ಉಳಿದುಬಿಟ್ಟೆ.

ಕಾನ್ ಥೊ ಮೆಕಾಂಗ್ ಮುಖಜಭೂಮಿಯ ದೊಡ್ಡ ಊರು. ಹೋ ಚಿ ಮಿನ್ ಸಿಟಿಯಿಂದ ಸುಮಾರು 170 ಕಿ.ಮೀ., ಬಸ್ಸಿನಲ್ಲಿ ನಾಲ್ಕು ಗಂಟೆ ಹಿಡಿಯಿರಿ. ಎರಡು ರಾತ್ರಿ ಅಲ್ಲೇ ಮಲಗಿ. ಬೆಳಿಗ್ಗೆ ಐದಕ್ಕೆ ನಿನ್ ಕಿಯು ದಡದಿಂದ ಸಣ್ಣ ದೋಣಿ ಹತ್ತಿ. ಆರು ಕಿ.ಮೀ. ದೂರದಲ್ಲಿ ಕಾಯ್ ರಾಂಗ್ ಸಂತೆ. ದೊಡ್ಡ ದೋಣಿ ಬೇಡ, ಅದು ಸಂತೆಯ ಒಳಗೆ ನುಗ್ಗಲ್ಲ. ಹತ್ತುವ ಮೊದಲೇ ರೇಟು, ಎಷ್ಟು ಗಂಟೆ ಅನ್ನೋದನ್ನ ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಆಗೋದರಿಂದ ಸೊನ್ನೆಗಳಲ್ಲಿ ಲೆಕ್ಕ ತಪ್ಪೋದು ಸುಲಭ.

ನಮ್ಮಪ್ಪ ದಾವಣಗೆರೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತರು. ಬೆಳಗಿನ ಜಾವದ ಮಂಡಿ ನೋಡಿ ಬೆಳೆದವಳು ನಾನು. ಹಾಗಾಗಿ ಕಾಯ್ ರಾಂಗ್ ನೋಡಿದ ಕೂಡಲೇ ಗೊತ್ತಾಯಿತು, ಇದು ಹೋಲ್‌ಸೇಲ್ ಮಂಡಿ, ನೀರಿನ ಮೇಲಿದೆ ಅಷ್ಟೇ. ದೊಡ್ಡ ದೋಣಿಯ ಹೊಟ್ಟೆಯಲ್ಲಿ ಕುಂಬಳಕಾಯಿ ರಾಶಿ. ಒಬ್ಬ ಒಳಗಿಂದ ಎಸೆಯುತ್ತಾನೆ, ಪಕ್ಕದ ದೋಣಿಯವಳು ಎರಡೂ ಕೈಲಿ ಹಿಡಿದು ಜೋಡಿಸುತ್ತಾಳೆ, ಬಾಯಲ್ಲಿ ಎಣಿಕೆ ನಡೆದೇ ಇರುತ್ತೆ. ಆ ಸೀಮೆಯಲ್ಲಿ ಹಣ್ಣಿನ ಲೆಕ್ಕದಲ್ಲಿ ‘ಹತ್ತು’ ಅಂದ್ರೆ ಹತ್ತೇ ಅಲ್ಲ. ಹನ್ನೆರಡು ಕೊಡುತ್ತಾರೆ, ಕೆಲವು ಕಡೆ ಹದಿನಾಲ್ಕು. ನಮ್ಮ ಸಂತೆಯ ಕೊಸರು ಅಲ್ಲಿಯೂ ಇದೆ ಅಂತ ನನಗೆ ಎಷ್ಟು ಖುಷಿಯಾಯಿತು ಗೊತ್ತಾ?

ದೋಣಿಯಲ್ಲಿ ಕೂಗಿ ಮಾರೋಕೆ ಆಗಲ್ಲ, ಇಂಜಿನ್ ಸದ್ದು. ಅದಕ್ಕೆ ಪ್ರತಿ ದೋಣಿಗೂ ಒಂದು ಬಿದಿರು ಗಳ. ಏನು ಮಾರುತ್ತಾರೋ ಅದನ್ನೇ ತುದಿಗೆ ಕಟ್ಟಿರುತ್ತಾರೆ. ಅನಾನಸ್, ಗೆಣಸು, ಎಲೆಕೋಸು ದೂರದಿಂದಲೇ ಕಾಣುತ್ತೆ. ನೇತಾಡುವ ಬಟ್ಟೆ ಮಾತ್ರ ಮಾರಾಟಕ್ಕಲ್ಲ, ಅದು ಒಗೆದು ಒಣಹಾಕಿದ್ದು. ಸಂಸಾರವೆಲ್ಲ ದೋಣಿಯಲ್ಲೇ ಅಲ್ವಾ? ಗಳಕ್ಕೆ ತೆಂಗಿನ ಗರಿ ಕಟ್ಟಿದ್ದರೆ ದೋಣಿಯನ್ನೇ ಮಾರಾಟಕ್ಕೆ ಇಟ್ಟಿದ್ದಾರೆ ಅಂತ ಅರ್ಥ. ನಾನು ಹೋದ ದಿನ ಅಂಥದ್ದೊಂದು ಇತ್ತು. ಅದರೊಳಗೆ ಒಬ್ಬ ಅಜ್ಜಿ ಒಲೆ ಹಚ್ಚಿ ಕೂತಿದ್ದರು. ತುಂಬ ಹೊತ್ತು ನನ್ನ ಕಣ್ಣು ಅತ್ತಲೇ ಇತ್ತು.

ಯಾಕೆ ಮಾರುತ್ತಾರೆ ಅಂದ್ರೆ, ರಸ್ತೆ ಬಂತು, ಸೇತುವೆ ಬಂತು. ಮೆಕಾಂಗಿನ ಕವಲಾದ ಹೌ ನದಿಯ ಮೇಲೆ ಕಾನ್ ಥೊ ಸೇತುವೆ 2010ರಲ್ಲಿ ಓಡಾಟಕ್ಕೆ ತೆರೆಯಿತು. ತೋಟದ ಬಾಗಿಲಿಗೇ ಲಾರಿ ಬಂದರೆ ದೋಣಿಗೆ ಯಾರು ತುಂಬುತ್ತಾರೆ? ಮಕ್ಕಳನ್ನು ಸ್ಕೂಲಿಗೆ ಸೇರಿಸಬೇಕಾದವರು ದಡಕ್ಕೆ ಬಂದರು. 2016ರಲ್ಲಿ ಅಲ್ಲಿನ ಸರ್ಕಾರ ಈ ಸಂತೆಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದೆ. ಒಳ್ಳೆಯದೇ. ಆದರೆ ಸಂತೆ ಉಳಿಯೋದು ಕೊಳ್ಳುವವರಿಂದ. ಹಾಗಾಗಿ ಸುಮ್ನೆ ಫೋಟೊ ಹೊಡೆದು ಬರಬೇಡಿ, ಹಣ್ಣು ತಗೊಳ್ಳಿ, ಕಾಫಿ ಕುಡಿಯಿರಿ.

ಸಂತೆಯಿಂದ ಹಾಗೇ ಹಿಂದಿರುಗದೆ ಒಳಗಿನ ಕಾಲುವೆಗಳಿಗೆ ಹೋಗಿ. ಅಲ್ಲಿ ಸಮುದ್ರದ ಉಬ್ಬರ ಇಳಿತ ಒಳನಾಡಿನವರೆಗೂ ಬರುತ್ತೆ. ಬೆಳಿಗ್ಗೆ ದೋಣಿ ಸಾಗಿದ ಕಾಲುವೆಯಲ್ಲಿ ಮಧ್ಯಾಹ್ನ ಕೆಸರು. ನಮ್ಮ ತುಂಗಭದ್ರೆಯಲ್ಲಿ ಇದನ್ನು ನೋಡೋಕೆ ಸಿಗಲ್ಲ. ಒಂದು ಹಳ್ಳಿಯಲ್ಲಿ ನಾನು ನಿಂತಲ್ಲೇ ನಿಂತುಬಿಟ್ಟೆ. ದೊಡ್ಡ ಬಾಣಲೆಯಲ್ಲಿ ನದಿಯ ಕರಿ ಮರಳು ಕಾಯಿಸಿ, ಅದಕ್ಕೆ ಭತ್ತ ಸುರಿದರು. ಕ್ಷಣದಲ್ಲಿ ಪಟಪಟ ಅಂತ ಅರಳಿತು. ಜರಡಿ ಹಿಡಿದು ಮರಳು ಬೇರೆ, ಹೊಟ್ಟು ಬೇರೆ. ಆಮೇಲೆ ಸಕ್ಕರೆ ಪಾಕಕ್ಕೆ ಹಾಕಿ, ತಟ್ಟಿ, ಚಿಕ್ಕಿಯ ಹಾಗೆ ಕತ್ತರಿಸಿದರು. ನಮ್ಮೂರಿನ ಮಂಡಕ್ಕಿ ಭಟ್ಟಿಯ ಅದೇ ಬಿಸಿ, ಅದೇ ವಾಸನೆ! ನಮ್ಮದು ಅಕ್ಕಿ ಹುರಿಯೋದು, ಅವರದು ಭತ್ತ, ಅಂದ್ರೆ ನಮ್ಮ ಅರಳು. ಬ್ಯಾಗಿನಲ್ಲಿದ್ದ ದಾವಣಗೆರೆ ಮಂಡಕ್ಕಿ ತೆಗೆದು ಆ ಹೆಂಗಸಿನ ಅಂಗೈಗೆ ಹಾಕಿದೆ. ಆಕೆ ಒಂದೊಂದೇ ಕಾಳು ತಿಂದು, ಬಾಣಲೆ ತೋರಿಸಿ, ತಲೆ ಆಡಿಸಿ ನಕ್ಕಳು. ಮಾತೇ ಬೇಕಾಗಲಿಲ್ಲ.

ಊಟದ ವಿಚಾರ. ‘ಚಾಯ್’ ಅನ್ನೋ ಪದ ಕಲಿತುಕೊಳ್ಳಿ. ಅಲ್ಲಿ ಅದು ಟೀ ಅಲ್ಲ, ಸಸ್ಯಾಹಾರ. ಬೌದ್ಧರಲ್ಲಿ ಅನೇಕರು ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಬಿಡುತ್ತಾರೆ, ಆ ದಿನಗಳಲ್ಲಿ ಆಯ್ಕೆ ಜಾಸ್ತಿ. ಉಳಿದ ದಿನ ಹುಷಾರು. ಬರೀ ಸೊಪ್ಪಿನ ಪಲ್ಯ ಅಂದರೂ ‘ನೂಕ್ ಮಾಮ್’ ಹಾಕಿರಬಹುದು, ಅದು ಮೀನಿನ ರಸ. ಮಂಡಕ್ಕಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ.

ಅಮ್ಮನ ಭಯ ಸುಳ್ಳಲ್ಲ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ, ಕೊಟ್ಟಿದ್ದನ್ನು ಪಕ್ಕಕ್ಕಿಡದೆ ಹಾಕಿಕೊಳ್ಳಿ. ಡಿಸೆಂಬರಿನಿಂದ ಏಪ್ರಿಲ್ ಒಣ ಕಾಲ, ಆಗ ಹೋಗಿ. ಇ-ವೀಸಾ ಆನ್‌ಲೈನಿನಲ್ಲೇ ಆಗುತ್ತೆ.

ಪ್ರಶ್ನೆ: ನನಗೆ 63 ವರ್ಷ, ಪಾಸ್‌ಪೋರ್ಟ್ ಇಲ್ಲ. ನದಿ, ದೋಣಿ, ಹಳ್ಳಿ ನೋಡುವ ಆಸೆ ಮಾತ್ರ ಇದೆ. ನಮ್ಮಂಥವರಿಗೆ ಹತ್ತಿರದಲ್ಲಿ ಏನಾದರೂ ಇದೆಯಾ?
– ಓದುಗರು, ಹಿರಿಯೂರು

ಉತ್ತರ: ಇದೆ ಅಮ್ಮಾ. ನಮ್ಮ ದೇಶದಲ್ಲಿ ತೇಲುವ ಸಂತೆಯೇ ಬೇಕು ಅಂದ್ರೆ ಶ್ರೀನಗರದ ದಾಲ್ ಸರೋವರದಲ್ಲಿ ಬೆಳಗಿನ ಜಾವ ತರಕಾರಿ ಸಂತೆ ನಡೆಯುತ್ತೆ. ಅದು ನಿಮಗೆ ದೂರವಾಯಿತು. ಕೇರಳಕ್ಕೆ ಹೋಗಿ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಎರ್ನಾಕುಲಂ, ಅಲ್ಲಿಂದ ಅಲಪ್ಪುಳ ಹತ್ತಿರ. ದುಬಾರಿ ಹೌಸ್‌ಬೋಟ್ ಬೇಡ. ಅಲಪ್ಪುಳದಿಂದ ಕೊಟ್ಟಾಯಂಗೆ ಸರ್ಕಾರಿ ದೋಣಿ ಇದೆ, ಎರಡೂವರೆ ಗಂಟೆಯ ದಾರಿ, ಟಿಕೆಟ್ ಬಸ್ಸಿನಷ್ಟೇ ಅಗ್ಗ. ಸ್ಕೂಲಿನ ಮಕ್ಕಳು, ಕೆಲಸಕ್ಕೆ ಹೋಗುವವರು ಹತ್ತುತ್ತಾ ಇಳಿಯುತ್ತಾ ಇರುತ್ತಾರೆ. ಎರಡೂ ಕಡೆ ಕುಟ್ಟನಾಡಿನ ಗದ್ದೆಗಳು. ಅವು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ, ದೋಣಿಯಿಂದ ನೋಡಿದರೆ ಪೈರು ನಿಮಗಿಂತ ಕೆಳಗೆ ಕಾಣುತ್ತೆ. ಹೊರಡುವ ಸಮಯ ಹಿಂದಿನ ದಿನವೇ ಜೆಟ್ಟಿಯಲ್ಲಿ ಕೇಳಿಕೊಳ್ಳಿ. ನೀರು, ಬುತ್ತಿ ಕೈಯಲ್ಲೇ ಇರಲಿ.