ಮನೆಯಲ್ಲೇ ಇದ್ದುಕೊಂಡು "ಮನೆಗೆ ಹೋಗಬೇಕು" ಎನ್ನುವ ಅಮ್ಮನಿಗೆ ಏನು ಹೇಳಲಿ?

ನಿಮ್ಮ ಅಮ್ಮನಿಗೆ 74 ವರ್ಷ, ಡಾಕ್ಟರ್ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಅಂದಿದ್ದಾರೆ, ಸಂಜೆಯಾದರೆ ಮನೆಗೆ ಹೋಗಬೇಕು ಅಂತ ಹಟ ಮಾಡುತ್ತಾರೆ, ಬಳೆ ಕದ್ದವಳು ನೀನೇ ಅಂತ ಬೈಯುತ್ತಾರೆ ಎಂದು ಬರೆದಿದ್ದೀರಿ. ಓದುತ್ತಾ ನಮ್ಮ ಅತ್ತೆ ಕಣ್ಣಮುಂದೆ ಬಂದರು. ಅವರನ್ನು 6 ವರ್ಷ ನೋಡಿಕೊಂಡೆ.

ಅತ್ತೆ ತೀರ್ಥಹಳ್ಳಿ ಕಡೆಯವರು. ನಮ್ಮ ಜೊತೆ ಬೆಂಗಳೂರಲ್ಲಿದ್ದರು. ಸಂಜೆ ಆರಾಯಿತೆಂದರೆ ಸೀರೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಹಾಲು ಕರೆಯೋ ಹೊತ್ತಾಯ್ತು, ಮನೆಗೆ ಹೋಗ್ಬೇಕು." ಇದೇ ಮನೆ ಅತ್ತೆ, ದನ ಮಾರಿ 20 ವರ್ಷ ಆಯ್ತು ಅಂತ ನಾನು ತಿಳಿಹೇಳುತ್ತಿದ್ದೆ. ಹೇಳಿದಷ್ಟೂ ಗಲಾಟೆ ಜಾಸ್ತಿ. ಒಂದು ದಿನ ಸಾಕಾಗಿ, "ಯಾವ ದನ ಮೊದಲು ಕರೀತೀರಿ ಅತ್ತೆ?" ಅಂದೆ. ಮುಖವೇ ಅರಳಿತು. ಕಪಿಲೆ ಒದೆಯುತ್ತೆ, ಗೌರಿ ಸಾಧು, ಹಿಂಡಿ ಮುಂದಿಟ್ಟರೆ ಮಾತ್ರ ನಿಲ್ಲುತ್ತೆ... ಅರ್ಧ ಗಂಟೆ ಮಾತಾಡಿದರು. ಗಂಟು ಯಾವಾಗ ಕೆಳಗಿಟ್ಟರೋ ಗೊತ್ತೇ ಆಗಲಿಲ್ಲ. ಮನೆ ಅಂದರೆ ಅವರಿಗೆ ಕೈತುಂಬಾ ಕೆಲಸವಿದ್ದ ಜಾಗ, ತನ್ನನ್ನು ಎಲ್ಲರೂ ಕೇಳುತ್ತಿದ್ದ ಜಾಗ. ಆಮೇಲೆ ಅದೇ ಹೊತ್ತಿಗೆ ಬಿಡಿಸಲು ಅವರೆಕಾಯಿಯೋ ಬೆಳ್ಳುಳ್ಳಿಯೋ ಕೊಡುತ್ತಿದ್ದೆ. ಕತ್ತಲಾಗುವ ಮುಂಚೆಯೇ ದೀಪ ಹಾಕುತ್ತಿದ್ದೆ.

ಡಿಮೆನ್ಷಿಯಾ ಬಂದ 100 ಜನರಲ್ಲಿ 60-70 ಜನಕ್ಕೆ ಕಾರಣ ಅಲ್‌ಝೈಮರ್ಸ್ ಎಂಬ ಮಿದುಳಿನ ಕಾಯಿಲೆ. ಅದರಲ್ಲಿ ಸಾಮಾನ್ಯವಾಗಿ ಮಿದುಳಿನಲ್ಲಿ ಹೊಸ ನೆನಪು ಕೂಡಿಡುವ ಭಾಗ ಬೇಗ ಕೆಡುತ್ತದೆ. ಹಾಗಾಗಿ ಬೆಳಿಗ್ಗೆ ನೀವು ಹೇಳಿದ್ದು ನಿಲ್ಲುವುದಿಲ್ಲ, ಮದುವೆಯಾದ ಹೊಸದರ ಮಾತು ನಿಲ್ಲುತ್ತದೆ. ಬಳೆಯದೂ ಅಷ್ಟೇ. ಜೋಪಾನ ಮಾಡಿಟ್ಟಿದ್ದೇ ನೆನಪಿಲ್ಲದವರಿಗೆ ಯಾರೋ ಕದ್ದರು ಅಂತಲೇ ತೋಚುವುದು. ಹಗಲೂ ರಾತ್ರಿ ಎದುರಿಗಿರುವವರು ನೀವು, ಅನುಮಾನವೂ ನಿಮ್ಮ ಮೇಲೇ ಬರುತ್ತೆ. "ನಾನು ಕದ್ದಿಲ್ಲ" ಅಂತ ವಾದಿಸಬೇಡಿ. "ಅಯ್ಯೋ, ಬನ್ನಿ ಇಬ್ಬರೂ ಹುಡುಕೋಣ" ಅನ್ನಿ. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಿಯಲ್ಲಿ ಸಿಗುತ್ತಿತ್ತು.

ವಿಟಮಿನ್ ಬಿ12 ಮತ್ತು ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಅವು ಕಮ್ಮಿಯಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಇನ್ನೊಂದು, ಇದು ತುಂಬಾ ಮುಖ್ಯ: ಒಂದೆರಡು ದಿನದಲ್ಲೇ ಗೊಂದಲ ತೀರಾ ಹೆಚ್ಚಾದರೆ ಕಾಯಿಲೆ ಬೆಳೆಯಿತು ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅಮ್ಮ ಒಬ್ಬರೇ ಹೊರಟುಬಿಟ್ಟರೆ ಅಂತ, ನಿಮ್ಮ ಫೋನ್ ನಂಬರ್ ಬರೆದ ಚೀಟಿಯನ್ನು ಅವರ ಪರ್ಸಿನಲ್ಲಿಡಿ. ಹಿರಿಯರ ಸಹಾಯವಾಣಿ 14567 ಉಚಿತ.

ನಾನೂ ಒಮ್ಮೆ ಅತ್ತೆಯ ಕೈ ಎಳೆದು ಕೂರಿಸಿದ್ದೆ. ಅವರು ಹೆದರಿ ನೋಡಿದ್ದು ಇವತ್ತಿಗೂ ಚುಚ್ಚುತ್ತದೆ. ಆಗ ನಾನು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ನಿಮಗೆ ಅಣ್ಣ ಇದ್ದಾರೆ ಅಂದಿದ್ದೀರಿ. ಫೋನಿನಲ್ಲಿ ವಿಚಾರಿಸಿದರೆ ಸಾಲದು, ತಿಂಗಳಲ್ಲಿ ನಾಲ್ಕು ದಿನ ಬಂದು ಅಮ್ಮನ ಜೊತೆ ಇರಲಿ ಅಂತ ನೇರವಾಗಿ ಕೇಳಿ. ನೀವೂ ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ಸಂಜೆ ಅಮ್ಮ ಹೊರಟು ನಿಂತಾಗ, ಆ ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಕೇಳಿ ನೋಡಿ.